ಸ್ಕಾಟ್ಲೆಂಡ್ ಕಾರ್ ಪ್ರವಾಸ: ಒಂದೇ ಬಿಡಾರವೂ ಅಲ್ಲ, ದಿನಕ್ಕೊಂದು ಹೋಟೆಲ್ಲೂ ಅಲ್ಲ

ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡು ಹೈಲ್ಯಾಂಡ್ಸ್‌ಗೆ ಕಾರಲ್ಲಿ ಹೋಗುವವರಲ್ಲಿ ಎರಡು ಪಂಗಡ ಇವೆ. ಒಂದು ಪಂಗಡ ಅಲ್ಲಿನ ದೊಡ್ಡ ಊರು ಇನ್ವರ್ನೆಸ್‌ನಲ್ಲಿ ಮನೆ ಹಿಡಿದು ಕೊನೆಯ ದಿನದವರೆಗೂ ಅಲ್ಲೇ ಠಿಕಾಣಿ ಹೂಡುತ್ತದೆ. ಇನ್ನೊಂದು ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಅಂತ ಓಡುತ್ತದೆ. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಎರಡಕ್ಕೂ ದುಡ್ಡು ಸುರಿದಿದ್ದೇನೆ. ಹೋದ ಸೆಪ್ಟೆಂಬರಿನಲ್ಲಿ ಮೂರನೇ ದಾರಿ ಹಿಡಿದೆ: ಮೂರು ಕಡೆ ಮೂರು ಮನೆ, ಒಂದೊಂದರಲ್ಲಿ ಮೂರು ನಾಲ್ಕು ರಾತ್ರಿ. ಮನೆಯಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಈಗ ಅದೇ ಜನ ನನ್ನ ಲೆಕ್ಕದ ಹಾಳೆ ಕೇಳಿ ಫೋನ್ ಮಾಡುತ್ತಿದ್ದಾರೆ. ನಕ್ಷೆ, ಬುಕಿಂಗ್ ಆ್ಯಪ್, ಒಂದೇ ವಾಹನ ಹಿಡಿಸುವಷ್ಟು ಅಗಲದ ಸಿಂಗಲ್ ಟ್ರ್ಯಾಕ್ ರಸ್ತೆ ಎಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

ನಮ್ಮದು ಏಳು ಜನರ ತಂಡ. ನಾನು, ಹೆಂಡತಿ, ಮಗಳು, ಊರಿಂದ ಬಂದಿದ್ದ ಅಪ್ಪ-ಅಮ್ಮ, ಅಕ್ಕ-ಭಾವ. ಸೆವೆನ್ ಸೀಟರ್ ಕಾರು. ಹಿಂದಿನ ಸೀಟು ಎಬ್ಬಿಸಿದರೆ ಡಿಕ್ಕಿಯಲ್ಲಿ ಉಳಿಯುವ ಜಾಗ ಎಷ್ಟು ಅಂತ ಅಂಥ ಕಾರು ಇಟ್ಟುಕೊಂಡವರಿಗೆ ಗೊತ್ತು. ಎರಡು ಮಧ್ಯಮ ಸೂಟ್‌ಕೇಸ್ ನಿಲ್ಲಿಸಿದರೆ ಮುಗಿಯಿತು. ಮಿಕ್ಕಿದ್ದೆಲ್ಲ ಕಾಲ ಕೆಳಗೆ, ತೊಡೆ ಮೇಲೆ.

ದಿನಕ್ಕೊಂದು ಹೋಟೆಲ್ ಕೆಟ್ಟಿದ್ದು ಈ ಡಿಕ್ಕಿಯಿಂದಲೇ. ಅಪ್ಪನ ಬಿಪಿ ಮಾತ್ರೆಯ ಚೀಲ ಯಾವಾಗಲೂ ಕೆಳಗಿನ ಸೂಟ್‌ಕೇಸ್‌ನಲ್ಲೇ ಇರುತ್ತಿತ್ತು. ಮಳೆಯಲ್ಲಿ ನಿಂತು ಎಲ್ಲ ಇಳಿಸಬೇಕು, ತೆಗೆಯಬೇಕು, ಮತ್ತೆ ತುಂಬಬೇಕು. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ರೂಮು ಬಿಡಬೇಕು, ಮುಂದಿನ ರೂಮು ಸಿಗುವುದು ಮೂರಕ್ಕೋ ನಾಲ್ಕಕ್ಕೋ. ಅಷ್ಟು ಹೊತ್ತು ವಯಸ್ಸಾದವರಿಗೆ ಕಾಲು ಚಾಚಲು ಜಾಗ ಇಲ್ಲ. ಮೂರು ರೂಮು ಅಂದರೆ ರಾತ್ರಿಗೆ ಸುಮಾರು ಮುನ್ನೂರೈವತ್ತು ಪೌಂಡ್. ಅಡುಗೆಮನೆ ಇಲ್ಲ, ಹಾಗಾಗಿ ಎರಡೂ ಹೊತ್ತು ಹೊರಗಿನ ಊಟ. ಅದಕ್ಕೆ ಮತ್ತೆ ನೂರರ ಮೇಲೆ. ಸ್ಕೈ ದ್ವೀಪಕ್ಕೆ ಅಂತ ಇಟ್ಟಿದ್ದ ಒಂದೇ ದಿನ ಮೋಡ ಇಳಿದು ಓಲ್ಡ್ ಮ್ಯಾನ್ ಆಫ್ ಸ್ಟೋರ್ ಬಂಡೆ ಕಾಣಲೇ ಇಲ್ಲ. ಮರುದಿನ ಬಿಸಿಲು ಬಿತ್ತು, ಅಷ್ಟರಲ್ಲಿ ನಾವು ನೂರು ಮೈಲಿ ಆಚೆ ಇದ್ದೆವು. ಅಲ್ಲಿನ ಪಶ್ಚಿಮ ಕರಾವಳಿಯಲ್ಲಿ ಮಳೆ ಯಾವಾಗ ಹೊಯ್ಯುತ್ತದೆ, ಯಾವಾಗ ಬಿಡುತ್ತದೆ ಹೇಳಲು ಬರುವುದಿಲ್ಲ. ಒಂದು ಜಾಗಕ್ಕೆ ಒಂದೇ ದಿನ ಕೊಟ್ಟರೆ ಅದು ಜೂಜು.

ಅದರ ಮುಂದಿನ ವರ್ಷ ಭಾವ ಹೇಳಿದಂತೆ ಇನ್ವರ್ನೆಸ್ ಪಕ್ಕ ಒಂದೇ ಮನೆ. ಮನೆ ಚೆನ್ನಾಗಿತ್ತು. ಕುಕ್ಕರ್ ಕೂಗಿತು, ವಾಷಿಂಗ್ ಮೆಷಿನ್ ತಿರುಗಿತು, ಅಮ್ಮ ಖುಷಿಯಾಗಿದ್ದರು. ಆದರೆ ರಸ್ತೆ ನಮ್ಮನ್ನು ತಿಂದುಹಾಕಿತು. ದ್ವೀಪಕ್ಕೆ ದಾಟಿಸುವ ಸ್ಕೈ ಸೇತುವೆಗೆ ಹೋಗಲು ಎಂಬತ್ತು ಮೈಲಿ, ಬರಲು ಎಂಬತ್ತು ಮೈಲಿ. ನೋಡುವ ಜಾಗಗಳು ಶುರುವಾಗುವುದೇ ಸೇತುವೆ ದಾಟಿದ ಮೇಲೆ. ಸಂಜೆ ವಾಪಸ್ ಬರುವಾಗ ಎಲ್ಲರೂ ನಿದ್ದೆ, ನಾನೊಬ್ಬ ಎಚ್ಚರ. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ಇಳಿಯುತ್ತವೆ, ಹಾಗಾಗಿ ವೇಗವೂ ಇಲ್ಲ. ಸ್ಕೈಗೆ ಎರಡನೇ ದಿನ ಹೋಗೋಣ ಅಂದಾಗ ಅಪ್ಪ ನೇರವಾಗಿ ಹೇಳಿದರು, "ನೀವು ಹೋಗಿ ಬನ್ನಿ, ನಾನು ಇಲ್ಲೇ ಟಿವಿ ನೋಡ್ತೀನಿ." ಅಷ್ಟು ದೂರ ಕರೆದುಕೊಂಡು ಬಂದು ಟಿವಿ ಮುಂದೆ ಕೂರಿಸಿದ್ದು ನನಗೆ ಇವತ್ತಿಗೂ ಬೇಜಾರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಎಲ್ಲರೂ ಹೋಟೆಲ್ ಎಷ್ಟು ಅಂತ ಎಣಿಸುತ್ತಾರೆ. ಎಣಿಸಬೇಕಾದ್ದು ಒಂದು ಸಲ ನೋಡಿಯಾದ ರಸ್ತೆಯಲ್ಲಿ ಮತ್ತೆ ಎಷ್ಟು ಗಂಟೆ ಕೂರುತ್ತೀರಿ ಅನ್ನುವುದನ್ನು.

ನನ್ನ ವಿಧಾನ ಇಷ್ಟೇ. ದೊಡ್ಡ ಕಾಗದದ ನಕ್ಷೆ ಹರಡಿಕೊಳ್ಳುತ್ತೇನೆ. ನೋಡಬೇಕಾದ ಜಾಗಗಳಿಗೆ ಹೋಗುವ ರಸ್ತೆಯನ್ನು ನೀಲಿ ಪೆನ್ನಲ್ಲಿ ಎಳೆಯುತ್ತೇನೆ. ಅದೇ ರಸ್ತೆಯಲ್ಲಿ ಎರಡನೇ ಸಲ ಹೋಗುವುದಾದರೆ ಮೇಲೆ ಕೆಂಪು. ಮೂರನೇ ಸಲಕ್ಕೆ ಇನ್ನೊಂದು ಕೆಂಪು. ಕೆಂಪು ಗೆರೆಗಳ ಗಂಟೆ ಕೂಡಿಸುತ್ತೇನೆ. ಗಂಟೆ ಅಂದರೆ ಆ್ಯಪ್ ತೋರಿಸುವ ಗಂಟೆ ಅಲ್ಲ. ಸಿಂಗಲ್ ಟ್ರ್ಯಾಕ್ ಇದ್ದರೆ ಅದರ ಮೇಲೆ ಮೂರನೇ ಒಂದು ಭಾಗ ಜಾಸ್ತಿ ಹಾಕಿ. ಅಲ್ಲಿ ವೇಗದ ಮಿತಿ ಅರವತ್ತು ಮೈಲಿ ಇದ್ದರೂ ಎದುರಿನವರಿಗೆ ದಾರಿ ಬಿಡುವ ಪಾಸಿಂಗ್ ಪ್ಲೇಸ್‌ಗಳಲ್ಲಿ ನಿಂತು ನಿಂತು ಮೂವತ್ತು ಬಂದರೆ ಹೆಚ್ಚು.

ಇನ್ನು ಬಿಡಾರ ಬದಲಿಸುವುದಕ್ಕೂ ಬೆಲೆ ಇದೆ. ಒಂದು ಸಲ ಬದಲಿಸಿದರೆ ಮೂರು ಗಂಟೆ ಹೋಯಿತು ಅಂತ ಬರೆದುಕೊಳ್ಳಿ. ಕಟ್ಟಲು ಒಂದು, ಇಳಿಸಿ ಹೊಂದಿಸಲು ಒಂದು, ಚೆಕ್ ಇನ್‌ಗೆ ಕಾಯಲು ಒಂದು. ಎರಡು ಬಿಡಾರಗಳ ನಡುವೆ ಇಡೀ ದಿನ ನೋಡುವಷ್ಟು ಜಾಗಗಳಿದ್ದರೆ ಕಾಯುವ ಗಂಟೆ ಉಳಿಯುತ್ತದೆ, ಆಗ ಎರಡೇ. ಕೆಂಪು ಗಂಟೆ ಬದಲಿಸುವ ಗಂಟೆಗಿಂತ ಜಾಸ್ತಿಯಾದರೆ ಜಾಗ ಬದಲಿಸು, ಇಲ್ಲದಿದ್ದರೆ ಅಲ್ಲೇ ಇರು.

ಇನ್ವರ್ನೆಸ್ ಪ್ರವಾಸವನ್ನು ಹೀಗೆ ಎಳೆದು ನೋಡಿದೆ. ಸ್ಕೈಗೆ ಎರಡು ದಿನ ಹೋದರೆ ಸೇತುವೆವರೆಗಿನ ಕೆಂಪೇ ಆರು ಗಂಟೆ ಹತ್ತಿರ. ಗ್ಲೆಂಕೋ ಕಡೆಗೆ ಎರಡು, ಉತ್ತರದ ತುದಿಯ ಡರ್ನೆಸ್‌ಗೆ ಎರಡೂವರೆ, ಟಾರಿಡನ್, ಲಾಕಿನ್ವರ್ ಸೇರಿ ಇನ್ನೊಂದು ಮೂರೂವರೆ. ಒಟ್ಟು ಹದಿನಾಲ್ಕು. ದಿನಕ್ಕೊಂದು ಹೋಟೆಲ್ ಆದರೆ ಕೆಂಪು ಹೆಚ್ಚುಕಮ್ಮಿ ಸೊನ್ನೆ, ಆದರೆ ಕಟ್ಟಿ-ಬಿಚ್ಚುವುದಕ್ಕೇ ಇಪ್ಪತ್ತರ ಮೇಲೆ. ಮೂರು ಬಿಡಾರ ಇಟ್ಟು ನೋಡಿದೆ: ಫೋರ್ಟ್ ವಿಲಿಯಮ್ ಕಡೆ ಒಂದು, ಸ್ಕೈನಲ್ಲಿ ಒಂದು, ಅಲ್ಲಾಪೂಲ್ ಕಡೆ ಒಂದು. ಎರಡು ಸಲ ಬದಲಿಸಲು ನಾಲ್ಕು ಗಂಟೆ, ಕೆಂಪು ನಾಲ್ಕು. ಒಟ್ಟು ಎಂಟು. ಆ ಹಾಳೆ ನೋಡಿದಾಗ ನನಗೆ ಸಂಶಯ ಉಳಿಯಲಿಲ್ಲ.

ಭಾವನಿಗೆ ಉಳಿಯಿತು. "ಮೂರು ಮನೆ ಅಂದ್ರೆ ಮೂರು ಬಾಡಿಗೆ ಕಣೋ, ದುಡ್ಡು ಜಾಸ್ತಿ ಆಗಲ್ವಾ?" ಪ್ರಶ್ನೆ ಸರಿಯಾಗಿಯೇ ಇತ್ತು. ಅಲ್ಲಿನ ಕಾಟೇಜ್‌ಗಳನ್ನು ಬೇಸಿಗೆ ರಜೆಯಲ್ಲಿ ಬಹಳಷ್ಟು ಜನ ಶನಿವಾರದಿಂದ ಶನಿವಾರಕ್ಕೇ ಕೊಡುತ್ತಾರೆ, ಮೂರು ರಾತ್ರಿಗೆ ಕೇಳಿದರೆ ಉತ್ತರವೇ ಬರುವುದಿಲ್ಲ. ಸ್ಕಾಟ್ಲೆಂಡಿನ ಶಾಲೆಗಳು ಆಗಸ್ಟ್ ಮಧ್ಯದಲ್ಲೇ ಶುರುವಾದರೂ ಇಂಗ್ಲೆಂಡಿನ ಮಕ್ಕಳಿಗೆ ತಿಂಗಳ ಕೊನೆವರೆಗೂ ರಜೆ, ಹಾಗಾಗಿ ಆಗಸ್ಟಿನಲ್ಲಿ ಬೆಲೆ ಇಳಿಯುವುದಿಲ್ಲ. ಸೆಪ್ಟೆಂಬರ್ ಬಂದಮೇಲೆ ಬಾಗಿಲು ತೆರೆಯುತ್ತದೆ. ಆಗ ಶುಕ್ರವಾರದಿಂದ ಸೋಮವಾರಕ್ಕೆ ಮೂರು ರಾತ್ರಿ, ಸೋಮವಾರದಿಂದ ಶುಕ್ರವಾರಕ್ಕೆ ನಾಲ್ಕು ರಾತ್ರಿ ಅಂತ ತುಂಡು ಮಾಡಿ ಕೊಡುವವರು ಸಿಗುತ್ತಾರೆ. ಮೂರು, ನಾಲ್ಕು, ಮೂರು ಜೋಡಿಸಿದರೆ ನನ್ನ ಮೂರು ಬಿಡಾರಕ್ಕೆ ಅಳತೆ ತೆಗೆದು ಹೊಲಿದಂತೆ ಕೂರುತ್ತದೆ. ಶುಕ್ರವಾರ ಫೋರ್ಟ್ ವಿಲಿಯಮ್ ಕಡೆ, ಸೋಮವಾರ ಸ್ಕೈ, ಮುಂದಿನ ಶುಕ್ರವಾರ ಅಲ್ಲಾಪೂಲ್. ಸ್ಕೈಗೆ ವಾರದ ನಡುವಿನ ನಾಲ್ಕು ರಾತ್ರಿ ಬಿದ್ದಿದ್ದು ಬೇಕೆಂದೇ, ವಾರಾಂತ್ಯದ ಗದ್ದಲ ತಪ್ಪುತ್ತದೆ.

ಬಾಡಿಗೆ ಮೂರೂ ಸೇರಿ ನೆನಪಿನ ಪ್ರಕಾರ ಸಾವಿರದ ಏಳುನೂರು ಪೌಂಡ್ ಆಸುಪಾಸು. ಇನ್ವರ್ನೆಸ್‌ನ ಒಂದೇ ಮನೆಗೆ ಕೊಟ್ಟಿದ್ದು ಸಾವಿರದ ನಾನೂರು ಇರಬೇಕು. ಮುನ್ನೂರು ಹೆಚ್ಚು, ನಿಜ. ಆದರೆ ಓಡಿದ ಮೈಲಿ ಐನೂರರಷ್ಟು ಕಮ್ಮಿ, ಡೀಸೆಲ್‌ನಲ್ಲಿ ಎಂಬತ್ತು ಪೌಂಡ್ ಉಳಿಯಿತು. ಮಧ್ಯಾಹ್ನ ಮನೆಗೆ ಬಂದು ಉಣ್ಣುವಷ್ಟು ಹತ್ತಿರ ಇದ್ದೆವು, ಹೊರಗಿನ ಊಟದಲ್ಲಿ ಇನ್ನೊಂದು ಇನ್ನೂರು. ಭಾವ ಕೊನೆಯ ದಿನ ಲೆಕ್ಕ ಚುಕ್ತಾ ಮಾಡುವಾಗ ತಾವೇ ಕೂಡಿಸಿ ನೋಡಿದರು, ವಾದ ಮುಗಿಯಿತು. ದಿನಕ್ಕೊಂದು ಹೋಟೆಲ್‌ಗೆ ಹೋಲಿಸಿದರಂತೂ ಅರ್ಧಕ್ಕರ್ಧ.

ಮಾಲೀಕರಿಗೆ ಮೇಲ್ ಬರೆಯುವುದರಲ್ಲಿ ಒಂದು ವರಸೆ ಇದೆ. ಅದರಿಂದ ಒಂದು ಮನೆ ನೂರು ಪೌಂಡ್ ಕಮ್ಮಿಗೆ ಸಿಕ್ಕಿತು. ಅದನ್ನು ಇಲ್ಲಿ ಹೇಳುವುದಿಲ್ಲ. ಫೋರ್ಟ್ ವಿಲಿಯಮ್ ಬಳಿ ನಾವು ಉಳಿದ ಹಳ್ಳಿಯ ಹೆಸರೂ ನನ್ನಲ್ಲೇ ಇರಲಿ, ಅಲ್ಲಿರುವುದೇ ನಾಲ್ಕೈದು ಬಾಡಿಗೆ ಮನೆ.

ಆ ಮನೆ ಹುಡುಕಿದ್ದು ಹೇಗೆ ಅಂತ ಮಾತ್ರ ಹೇಳುತ್ತೇನೆ. ಮಿಜ್ ಅಂತ ಸಣ್ಣ ಕಚ್ಚುವ ನೊಣ ಗೊತ್ತಲ್ಲ? ಮೇನಿಂದ ಸೆಪ್ಟೆಂಬರ್‌ವರೆಗೆ ಅದರ ಕಾಟ. ಗಾಳಿ ಗಂಟೆಗೆ ಏಳು ಮೈಲಿ ದಾಟಿದರೆ ಅವು ಹಾರಲಾರವು. ಹಾಗಾಗಿ ಮರಗಳ ಮಧ್ಯೆ, ನಿಂತ ನೀರಿನ ಪಕ್ಕ ಇರುವ ಸುಂದರ ಕಾಟೇಜ್ ನನಗೆ ಬೇಡ. ನೀರಿಗೆ ಬಯಲಾಗಿ, ಗಾಳಿಗೆ ಮುಖ ಮಾಡಿ ನಿಂತ ಸಾದಾ ಮನೆ ಬೇಕು. ಬುಕ್ ಮಾಡುವ ಮುಂಚೆ ಉಪಗ್ರಹ ಚಿತ್ರದಲ್ಲಿ ಮನೆಯ ಸುತ್ತ ಮರ ಎಷ್ಟಿದೆ ನೋಡುತ್ತೇನೆ. ಸಂಜೆ ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿ ಒಂದು ಗಂಟೆ ಕೂತರು. ಹಿಂದಿನ ವರ್ಷ ಗ್ಲೆಂಕೋದಲ್ಲಿ ಐದು ನಿಮಿಷ ಕೂರಲು ಆಗಿರಲಿಲ್ಲ.

ಬದಲಿಸುವ ದಿನಗಳೇ ಪ್ರವಾಸದ ಒಳ್ಳೆಯ ದಿನಗಳಾದವು. ಮೊದಲನೆಯದಕ್ಕೆ ಸ್ವಲ್ಪ ಏಟು ಬಿತ್ತು. ಗ್ಲೆನ್‌ಫಿನ್ನನ್‌ನ 21 ಕಮಾನಿನ ರೈಲು ಸೇತುವೆ ನೋಡಿಕೊಂಡು, ಮಲೇಗ್‌ನಿಂದ ಆರ್ಮಡೇಲ್‌ಗೆ ಫೆರ್ರಿಯಲ್ಲಿ ಸ್ಕೈ ಸೇರುವುದು ಯೋಜನೆ. ಬೆಳಿಗ್ಗೆ ಏಳಕ್ಕೆ ಫೋನ್ ನೋಡಿದರೆ ಗಾಳಿಯಿಂದ ಫೆರ್ರಿ ರದ್ದು. ಅಮ್ಮನಿಗೆ ಆ ಸೇತುವೆ ನೋಡಲೇಬೇಕಿತ್ತು, ಹಾಗಾಗಿ ಗ್ಲೆನ್‌ಫಿನ್ನನ್‌ಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದೆವು. ಒಂದು ಗಂಟೆ ಕೆಂಪು. ಆಮೇಲೆ ಇನ್ವರ್ಗ್ಯಾರಿ ಮೇಲೆ, ಐಲೀನ್ ಡೋನನ್ ಕೋಟೆ ನೋಡಿಕೊಂಡು ಸ್ಕೈ ಸೇತುವೆ ದಾಟಿದೆವು. 1995ರಲ್ಲಿ ಈ ಸೇತುವೆ ಆದಾಗ ಟೋಲ್ ಇತ್ತು, 2004ರಲ್ಲಿ ತೆಗೆದರು. ಈಗ ಫೆರ್ರಿ ಕೈಕೊಟ್ಟರೆ ಖರ್ಚಿಲ್ಲದ ದಾರಿ ಅದು. ಆ ರಸ್ತೆಯನ್ನು ಬೇರೆ ಯಾವ ದಿನಕ್ಕೂ ಬಳಸದೆ ಮೀಸಲು ಇಟ್ಟಿದ್ದರಿಂದಲೇ ಅದು ಹೊಸದಾಗಿ ಉಳಿದಿತ್ತು. ಫೆರ್ರಿ ನಂಬಿ ಬಿಡಾರ ಹೂಡುವವರು ಇದನ್ನು ಮರೆಯಬಾರದು.

ಎರಡನೆಯದು, ಸ್ಕೈನಿಂದ ಅಲ್ಲಾಪೂಲ್‌ಗೆ. ಷೀಲ್ಡೇಗ್, ಟಾರಿಡನ್, ಕಿನ್‌ಲಾಕ್ಯೂ, ಗೇರ್‌ಲಾಕ್ ಮೇಲೆ ಸುತ್ತಿ ಹೋದೆವು. ಆ್ಯಪ್ ಒಳಗಿನ ಹತ್ತಿರದ ದಾರಿ ತೋರಿಸುತ್ತದೆ, ಕೇಳಬೇಡಿ. ಸಂಜೆ ಐದಕ್ಕೆ ಮುಟ್ಟಿದೆವು, ಬೀಗದ ಕೈ ಆಗಲೇ ಕಾಯುತ್ತಿತ್ತು. ಆಪಲ್‌ಕ್ರಾಸ್ ಕಡೆಯ ಬಿಯಾಲಾಕ್ ನಾ ಬಾ ಘಾಟಿ 626 ಮೀಟರ್ ಏರುತ್ತದೆ, ತುಂಬಿದ ಸೆವೆನ್ ಸೀಟರ್‌ನಲ್ಲಿ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಅದರ ತಿರುವುಗಳಿಗೆ ಹೋಗುವ ಗೋಜಿಗೆ ಹೋಗಲಿಲ್ಲ.

ಪ್ಯಾಕಿಂಗ್ ಬಗ್ಗೆ ಒಂದು ಮಾತು. ಸೂಟ್‌ಕೇಸ್‌ಗಳನ್ನು ಊರಲ್ಲೇ ಬಿಟ್ಟು ಎಲ್ಲರಿಗೂ ಮೆತ್ತನೆಯ ಚೀಲ ಕೊಟ್ಟೆ. ಮೂರೂ ಮನೆಯಲ್ಲಿ ವಾಷಿಂಗ್ ಮೆಷಿನ್ ಇರಲೇಬೇಕು ಅಂತ ಹುಡುಕಿದ್ದರಿಂದ ಬಟ್ಟೆ ನಾಲ್ಕು ದಿನದ್ದು ಸಾಕಾಯಿತು. ಅಡುಗೆ ಸಾಮಾನು ಒಂದು ಮುಚ್ಚಳದ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ಕೊನೆಗೆ ಹತ್ತುತ್ತದೆ, ಮೊದಲು ಇಳಿಯುತ್ತದೆ. ಮನೆ ಸೇರಿದ ಇಪ್ಪತ್ತು ನಿಮಿಷಕ್ಕೆ ಕಾಫಿ ಬರುತ್ತಿತ್ತು. ಮಾತ್ರೆ ಚೀಲ ಈಗ ಮುಂದಿನ ಸೀಟಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ.

ಇದರ ಮಧ್ಯೆ ಇನ್ನೊಂದು ಪ್ರಯೋಗವೂ ಆಯಿತು. ಅಲ್ಲಾಪೂಲ್‌ನಿಂದ ಡರ್ನೆಸ್‌ಗೆ ಹೋಗಿ ಬರುವುದೇ ನಾಲ್ಕು ಗಂಟೆ. ಅಪ್ಪ-ಅಮ್ಮ, ಅಕ್ಕ-ಭಾವ ಮನೆಯಲ್ಲೇ ಉಳಿದರು. ನಾವು ಮೂವರು ಒಂದೇ ಚೀಲ ಹಿಡಿದು ಡರ್ನೆಸ್ ಕಡೆ ಒಂದು ರಾತ್ರಿ ಹಾಸ್ಟೆಲ್ ರೂಮು ಹಿಡಿದೆವು, ಎಪ್ಪತ್ತು ಪೌಂಡ್ ಇರಬೇಕು. ಒಂದೇ ರಾತ್ರಿಗೆ ಎರಡು ಕಡೆ ಬಾಡಿಗೆ ಕೊಟ್ಟಂತಾಯಿತು ನಿಜ. ಆದರೆ ಕಟ್ಟುವುದಿಲ್ಲ, ಬಿಚ್ಚುವುದಿಲ್ಲ. ಸ್ಮೂ ಗುಹೆಯನ್ನು ಬೆಳಿಗ್ಗೆ ಜನ ಬರುವ ಮುಂಚೆ ನೋಡಿ, ಲಾಕಿನ್ವರ್ ಸುತ್ತಿಕೊಂಡು ಬಂದೆವು. ಲಾಕಿನ್ವರ್‌ಗೆ ಅಂತ ಇಟ್ಟಿದ್ದ ದಿನ ಪೂರ್ತಿ ಉಳಿಯಿತು. ಮುಂದಿನ ಸಲ ಇದನ್ನು ಮೊದಲೇ ಲೆಕ್ಕಕ್ಕೆ ಸೇರಿಸುತ್ತೇನೆ.

ನಾಲ್ಕೈದು ದಿನಕ್ಕೆ ಮಾತ್ರ ಹೋಗುವವರು ಈ ರಗಳೆಗೆ ಬೀಳಬೇಡಿ. ಒಂದೇ ಬಿಡಾರ, ಒಂದೇ ದಿಕ್ಕು. ಡಿಸೆಂಬರಿನಲ್ಲೂ ಅಷ್ಟೇ, ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ನೀಲಿ ಗೆರೆ ಎಳೆಯುವಷ್ಟು ಬೆಳಕೇ ಇರುವುದಿಲ್ಲ.

ಮುಂದಿನ ಮೇ ತಿಂಗಳಿಗೆ ಮಲ್ ದ್ವೀಪದ ನಕ್ಷೆ ಬಿಚ್ಚಿದ್ದೇನೆ. ಈ ದಡದ ಬಂದರು ಓಬನ್‌ನಲ್ಲೇ ಇದ್ದು ದಿನಾ ಫೆರ್ರಿ ಹತ್ತೋಣ ಅನ್ನುವುದು ಭಾವನ ವಾದ. ಮಲ್‌ನ ಕ್ರೇಗ್ನೂರ್‌ನಲ್ಲಿ ಇಳಿದ ಮೇಲೆ, ಪಕ್ಕದ ಅಯೋನಾ ದ್ವೀಪಕ್ಕೆ ದೋಣಿ ಹೊರಡುವ ಫಿಯೊನ್‌ಫರ್ಟ್‌ಗೆ ಇನ್ನೂ ಮೂವತ್ತೈದು ಮೈಲಿಗಿಂತ ಜಾಸ್ತಿ, ಬಹುಪಾಲು ಸಿಂಗಲ್ ಟ್ರ್ಯಾಕ್. ನನ್ನ ಹಾಳೆಯಲ್ಲಿ ಆ ರಸ್ತೆ ಆಗಲೇ ಕೆಂಪಾಗಿದೆ, ಫಿಯೊನ್‌ಫರ್ಟ್ ಕಡೆ ಮನೆ ಹುಡುಕಲು ಶುರುಮಾಡಿದ್ದೇನೆ.