ಹೊಸ ಕನೆಕ್ಷನ್‌ಗೆ ಕಾಯದೆ ಕಾರ್ಖಾನೆ ಬೆಳೆಸಿದ್ದು

ನಮ್ಮದು ಲೋಹದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಆರ್ಡರ್ ಜಾಸ್ತಿಯಾಯಿತು, ಇನ್ನೆರಡು ಯಂತ್ರ ಬೇಕಾದವು. ಹೆಚ್ಚಿನ ಲೋಡ್‌ಗೆ, ಅಂದರೆ ಹೆಚ್ಚು ಕರೆಂಟ್ ಎಳೆಯುವ ಅನುಮತಿಗೆ, ವಿದ್ಯುತ್ ಕಂಪನಿಗೆ ಅರ್ಜಿ ಹಾಕಿದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಆಗಲೇ ತುಂಬಿದೆ, ಹೊಸದು ಬರುವವರೆಗೆ ಕಾಯಿರಿ ಅಂದರು. ಬೇಸರವಾಯಿತು ನಿಜ. ಆದರೆ ಅದೇ ಟ್ರಾನ್ಸ್‌ಫಾರ್ಮರ್‌ನಿಂದ ಅಕ್ಕಪಕ್ಕದ ಮನೆಗಳಿಗೂ ಕರೆಂಟ್ ಹೋಗುತ್ತದೆ. ನಾವು ಎಳೆದಷ್ಟೂ ಅವರ ದೀಪ ಮಂಕಾಗುತ್ತದೆ, ಅಲ್ವಾ?

ಈಗ ಬರುತ್ತಿರುವ ಕರೆಂಟ್ ಎಲ್ಲೆಲ್ಲಿ ಹೋಗುತ್ತಿದೆ ಅಂತ ಮೊದಲು ನೋಡೋಣ ಅನ್ನಿಸಿತು. ಒಂದು ರಜೆಯ ರಾತ್ರಿ ಎಲ್ಲ ಯಂತ್ರ ನಿಲ್ಲಿಸಿ, ಏರ್ ಕಂಪ್ರೆಸರ್ ಒಂದನ್ನೇ ಬಿಟ್ಟೆವು. ಗಾಳಿ ಬಳಸುವವರು ಯಾರೂ ಇಲ್ಲ. ಆದರೂ 10 ನಿಮಿಷಕ್ಕೆ 3 ನಿಮಿಷ ಅದು ಗಾಳಿ ತುಂಬಲು ದುಡಿಯುತ್ತಿತ್ತು. ಅಂದರೆ ಅದರ ಸಾಮರ್ಥ್ಯದ 30% ಗಾಳಿ ಸುಮ್ನೆ ಸೋರುತ್ತಿತ್ತು. ಬಕೆಟ್‌ನಲ್ಲಿ ಸೋಪಿನ ನೀರು, ಕೈಯಲ್ಲಿ ಬ್ರಷ್ ಹಿಡಿದು ಪೈಪಿನ ಒಂದೊಂದು ಜಾಯಿಂಟಿಗೂ ಹಚ್ಚುತ್ತಾ ಹೋದೆವು. ಮೂಲೆಯ ಒಂದು ಹಳೇ ಕಪ್ಲಿಂಗ್ ಹತ್ತಿರ ನೊರೆ ಬುಸುಬುಸು ಉಕ್ಕಿತು. ಹಗಲಿನ ಸದ್ದಿನಲ್ಲಿ ಅದು ವರ್ಷಗಟ್ಟಲೆ ಯಾರ ಕಿವಿಗೂ ಬಿದ್ದಿರಲಿಲ್ಲ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತು ಒಂದಿದ್ದರೆ ಸಾಕು, ಸುಮಾರು 3-4 ಕಿಲೋವ್ಯಾಟ್ ಅದಕ್ಕೇ ಹೋಗುತ್ತದೆ. ವಾಷರ್, ಟೇಪ್, ಕೆಲವು ಹೊಸ ಕಪ್ಲಿಂಗ್. ಇಷ್ಟರಲ್ಲೇ ಮುಕ್ಕಾಲು ಸೋರಿಕೆ ನಿಂತಿತು.

ಆಮೇಲೆ ಪವರ್ ಫ್ಯಾಕ್ಟರ್ ನೋಡಿದೆವು, ಅಂದರೆ ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ನಮ್ಮದು 0.78 ಇತ್ತು. 40 ಕಿಲೋವ್ಯಾಟ್ ಕೆಲಸಕ್ಕೆ 51 ಕೆವಿಎ (ಲೈನಿನ ಮೇಲೆ ಬೀಳುವ ಒಟ್ಟು ಹೊರೆಯ ಅಳತೆ) ಎಳೆಯುತ್ತಿದ್ದೆವು. ಕೆಪಾಸಿಟರ್ ಪ್ಯಾನೆಲ್ ಹಾಕಿಸಿ 0.97ಕ್ಕೆ ತಂದ ಮೇಲೆ ಅದೇ ಕೆಲಸಕ್ಕೆ 41 ಸಾಕಾಯಿತು. ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೂ ಅಷ್ಟು ಹೊರೆ ಇಳಿಯಿತು.

ಕಷ್ಟ ಆದದ್ದು ಸಮಯ ಹೊಂದಿಸುವುದು. ಬೆಳಗ್ಗೆ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಸ್ವಿಚ್ ಒತ್ತುವುದು ರೂಢಿ. ನೇರವಾಗಿ ಸ್ಟಾರ್ಟ್ ಮಾಡಿದ ಮೋಟರ್ ಆ ಕ್ಷಣಕ್ಕೆ 6-7 ಪಟ್ಟು ಕರೆಂಟ್ ಎಳೆಯುತ್ತದೆ. ಐದೈದು ನಿಮಿಷ ಬಿಟ್ಟು ಒಂದೊಂದೇ ಶುರು ಮಾಡಿ ಅಂದೆ. ಮೊದಲ ವಾರ ಗೊಣಗಾಟ ಇತ್ತು. ಕೊನೆಗೆ ಹಿರಿಯ ಫಿಟ್ಟರ್ ಒಬ್ಬರೇ ಗೋಡೆ ಮೇಲೆ ಸರದಿ ಬರೆದು ಹಾಕಿದರು. ಬಿಸಿ ಮಾಡುವ ಫರ್ನೇಸನ್ನು ಮನೆಗಳಲ್ಲಿ ಬಳಕೆ ಕಡಿಮೆ ಇರುವ ಮಧ್ಯಾಹ್ನಕ್ಕೆ ಸರಿಸಿದೆವು.

ನೀರಿನಲ್ಲೂ ಹೀಗೇ ಮಾಡಿದೆವು. ಬಿಡಿಭಾಗ ತೊಳೆಯಲು ಒಂದೇ ತೊಟ್ಟಿ ಇತ್ತು, ನಲ್ಲಿ ಸದಾ ಹರಿಯುತ್ತಿತ್ತು. ಈಗ ಮೂರು ತೊಟ್ಟಿ ಸಾಲಾಗಿವೆ. ಹೊಸ ನೀರು ಕೊನೆಯ ತೊಟ್ಟಿಗೆ ಬಂದು ಹಿಂದಕ್ಕೆ ಹರಿಯುತ್ತದೆ, ಕೊಳೆ ಜಾಸ್ತಿ ಇರುವ ಮೊದಲ ತೊಟ್ಟಿಯಿಂದ ಹೊರಗೆ ಹೋಗುತ್ತದೆ. ಅದೇ ನೀರು ಮೂರು ಸಲ ದುಡಿಯುತ್ತದೆ.

ಇಷ್ಟಾದ ಮೇಲೆ, ಇದ್ದ ಲೋಡ್‌ನಲ್ಲೇ ಒಂದು ಯಂತ್ರ ಕೂರಿಸಿದೆವು. ಇನ್ನೊಂದಕ್ಕೆ ಲೋಡ್ ಸಾಲಲಿಲ್ಲ. ಬೀದಿಯ ಟ್ರಾನ್ಸ್‌ಫಾರ್ಮರ್ ಬದಲಾಗಲೇಬೇಕು, ನನ್ನ ಅರ್ಜಿ ಹಾಗೇ ಇದೆ. ಅದರಲ್ಲಿ ಕೇಳಿದ ಲೋಡನ್ನು ಮಾತ್ರ ತಿದ್ದಿ ಅರ್ಧಕ್ಕೆ ಇಳಿಸಿದ್ದೇನೆ.