ಕಸೂತಿ ಹೇಳಿಕೊಡುವವರಿಗೆ: ಅರ್ಧಕ್ಕೇ ನಿಲ್ಲಿಸಿದ ಮಾದರಿಗಳು

ಮಹಿಳಾ ಸಂಘದಲ್ಲಿ ಕಸೂತಿ ತರಬೇತಿ ಇಟ್ಟುಕೊಂಡಿದ್ದರೆ, ಪೂರ್ತಿಯಾದ ಒಂದೇ ಮಾದರಿ ತರುವ ಬದಲು ಒಂದೊಂದು ಹಂತದಲ್ಲಿ ನಿಲ್ಲಿಸಿದ ನಾಲ್ಕೈದು ತುಂಡು ಮಾಡಿಕೊಂಡು ಹೋಗಿ; ಸೂಜಿಯೂ ಅದರಲ್ಲೇ ಚುಚ್ಚಿರಲಿ. ತಡವಾಗಿ ಬಂದವರು, ಕೇಳೋಕೆ ಸಂಕೋಚಪಡುವವರು ತಾವೇ ಕೈಗೆತ್ತಿಕೊಂಡು ತಿರುಗಿಸಿ ನೋಡ್ತಾರೆ. ಮುಖ್ಯವಾಗಿ ಹಿಂಬದಿ! ದಾರ ಎಲ್ಲಿಂದ ಮೇಲೆ ಬಂತು, ಎಲ್ಲಿ ಕೆಳಗಿಳಿಯಿತು ಅನ್ನೋದು ಅಲ್ಲೇ ಕಾಣೋದು, ಬಾಯಲ್ಲಿ ಹತ್ತು ಸಲ ಹೇಳಿದರೂ ತಲೆಗೆ ಹೋಗಲ್ಲ. ತಿಳಿ ಬಣ್ಣದ ಬಟ್ಟೆ, ಎದ್ದು ಕಾಣುವ ದಪ್ಪ ದಾರ ಬಳಸಿ. ಕಪ್ಪು ಬಟ್ಟೆ ಬೇಡವೇ ಬೇಡ, ಎಳೆ ಎಣಿಸೋಕಾಗಲ್ಲ. ಜೇಡಿಮಣ್ಣಿನ ಕೆಲಸಕ್ಕೆ ಮಾತ್ರ ಇದು ನಡೆಯಲ್ಲ: ಒಣಗಿದ ಮಾದರಿ ಮುಟ್ಟಿದರೆ ಹಸಿಮಣ್ಣಿನ ಹದ ಗೊತ್ತಾಗಲ್ಲ, ಅಲ್ಲಿ ಕಣ್ಣೆದುರೇ ಕಲಸಿ ತೋರಿಸಬೇಕು.