ಬಿದ್ದ ಮೇಲೆ ಮೊದಲು ಹೊಟ್ಟೆಪಟ್ಟಿ ನೋಡಿ

ಮಂಗಳೂರಿನ ಪಣಂಬೂರು ಕಡಲತೀರದ ಮರಳಲ್ಲಿ ಕುದುರೆಯಿಂದ ಬಿದ್ದಾಗ ನನ್ನ ಬಾಯಿಗೆ ಬಂದ ಮೊದಲ ಮಾತು, "ಈ ಕುದುರೆಯೇ ಸರಿಯಿಲ್ಲ". ಎದ್ದು ನೋಡಿದರೆ ಜೀನು ಪಕ್ಕಕ್ಕೆ ಜಾರಿ ನೇತಾಡುತ್ತಿತ್ತು. ಜೀನನ್ನು ಕುದುರೆಯ ಹೊಟ್ಟೆಯ ಸುತ್ತ ಕಟ್ಟಿ ಹಿಡಿಯುವ ಹೊಟ್ಟೆಪಟ್ಟಿ ಬಿಗಿದವಳು ನಾನೇ. ಕುದುರೆ ಪಾಪ, ಎರಡು ಮಾರು ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು.

ಬಿದ್ದವರು ಮೊದಲು ತಲೆ, ಕುತ್ತಿಗೆ ನೋಡಿಕೊಳ್ಳಿ. ತಲೆಗೆ ಪೆಟ್ಟಾಗಿದ್ದರೆ ಅವತ್ತು ಮತ್ತೆ ಹತ್ತಲೇಬೇಡಿ, ಡಾಕ್ಟರಿಗೆ ತೋರಿಸಿ, ಹೆಲ್ಮೆಟ್ಟನ್ನೂ ಬದಲಿಸಿ. ಆಮೇಲೆ ಹೊಟ್ಟೆಪಟ್ಟಿಯೊಳಗೆ ಬೆರಳು ತೂರಿಸಿ ನೋಡಿ. ಎಷ್ಟೋ ಕುದುರೆಗಳು ಪಟ್ಟಿ ಕಟ್ಟುವಾಗ ಮೈ ಬಿಗಿ ಹಿಡಿಯುತ್ತವೆ. ನಾಲ್ಕು ಹೆಜ್ಜೆ ಹಾಕಿದರೆ ಪಟ್ಟಿ ಸಡಿಲ. ಹತ್ತುವ ಮುಂಚೆ ಒಮ್ಮೆ, ಐದು ನಿಮಿಷ ನಡೆಸಿ ಇನ್ನೊಮ್ಮೆ ಬಿಗಿಯಬೇಕು.

ಕುದುರೆ ಬೆಚ್ಚಿತು ಅನ್ನುತ್ತೀರಾ? ಯಾವುದಕ್ಕೆ? ಅದರ ಕಣ್ಣುಗಳು ತಲೆಯ ಎರಡು ಬದಿಗಿದ್ದು ಸುಮಾರು 350 ಡಿಗ್ರಿ ಕಾಣುತ್ತವೆ. ಮೂಗಿನ ನೇರ ಮುಂದೆ, ಬಾಲದ ನೇರ ಹಿಂದೆ ಮಾತ್ರ ಏನೂ ಕಾಣದು. ಕಡಲ ಗಾಳಿಗೆ ಪ್ಲಾಸ್ಟಿಕ್ ಚೀಲವೊಂದು ಹಿಂದಿನಿಂದ ಹಾರಿ ಬಂದರೆ ಅದು ಜಿಗಿಯದೆ ಇನ್ನೇನು ಮಾಡೀತು? ಓಡಿ ಬದುಕುವ ಪ್ರಾಣಿ ಅದು. ಅದಕ್ಕೂ ಮೊದಲು ಕುತ್ತಿಗೆ ಎತ್ತಿ, ಕಿವಿ ಒಂದೇ ಕಡೆ ನೆಟ್ಟಿದ್ದನ್ನು ನೀವು ಗಮನಿಸಿದಿರಾ?

ಪಟ್ಟಿ ಸರಿಯಿದ್ದೂ ಪದೇ ಪದೇ ಎಗರಿದರೆ ಬೆನ್ನು, ಹಲ್ಲು, ಜೀನಿನ ಅಳತೆ ನೋಡಿಸಿ. ಬೆನ್ನುಮೂಳೆಯ ಎರಡೂ ಬದಿ ಅಂಗೈಯಿಂದ ಮೆಲ್ಲಗೆ ಒತ್ತುತ್ತ ಹೋಗಿ. ಒಂದೇ ಜಾಗದಲ್ಲಿ ಚರ್ಮ ಅದುರಿ ಬೆನ್ನು ತಗ್ಗಿಸಿದರೆ, ಪಶುವೈದ್ಯರು ಬರುವ ತನಕ ಜೀನು ಹಾಕಬೇಡಿ.